ಸೊನ್ನೆ ಉದುರದಂತೆ, ಕೋಡ್ ಕೆಡದಂತೆ ಫೈಲನ್ನು ಶೀಟಿಗೆ ತರುವುದು ಹೇಗೆ

ಒಂದು ಸಿಎಸ್‌ವಿ ಫೈಲನ್ನು, ಅಂದರೆ ಕಾಮಾಗಳಿಂದ ಬೇರ್ಪಡಿಸಿದ ಪಟ್ಟಿಯ ಫೈಲನ್ನು, ನೋಟ್‌ಪ್ಯಾಡ್‌ನಲ್ಲಿ ತೆರೆದಿದ್ದೀರಿ ಎಂದುಕೊಳ್ಳಿ. ಮೊದಲ ಸಾಲಿನಲ್ಲಿ 004517 ಎಂಬ ಕೋಡ್ ಇದೆ. ಅದೇ ಫೈಲನ್ನು ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ಅಲ್ಲಿ ಕಾಣುವುದು 4517. ಮುಂದಿದ್ದ ಎರಡು ಸೊನ್ನೆ ಮಾಯ. ಎರಡನೆಯ ಸಾಲಿನಲ್ಲಿದ್ದ 1234567890123456 ಈಗ 1.23457ಇ+15 ಆಗಿ ಕೂತಿದೆ. ಮೂರನೆಯ ಸಾಲಿನ 12ಇ3 ಎಂಬ ಬಿಡಿಭಾಗದ ಕೋಡ್ 1.20ಇ+04 ಆಗಿದೆ. ನಾಲ್ಕನೆಯ ಸಾಲಿನ 3-4 ತಾರೀಖಾಗಿದೆ. ಅದು ಏಪ್ರಿಲ್ 3ನೇ ತಾರೀಖೋ ಮಾರ್ಚ್ 4ನೇ ತಾರೀಖೋ ಎನ್ನುವುದು ನಿಮ್ಮ ಕಂಪ್ಯೂಟರಿನ ದಿನಾಂಕದ ಸೆಟ್ಟಿಂಗ್ ಮೇಲೆ ನಿಂತಿದೆ. (ಇಲ್ಲಿ, ಮುಂದೆಯೂ, ಅಂಕಿಗಳ ನಡುವೆ ನಾನು ‘ಇ’ ಎಂದು ಬರೆದಿರುವುದು ಇಂಗ್ಲಿಷ್ ವರ್ಣಮಾಲೆಯ ಐದನೆಯ ಅಕ್ಷರ. ದೊಡ್ಡ ಸಂಖ್ಯೆಯನ್ನು ಮೊಟಕಾಗಿ ಬರೆಯುವ ವೈಜ್ಞಾನಿಕ ರೂಪದಲ್ಲಿ 1.20ಇ+04 ಎಂದರೆ 1.20 ಅನ್ನು ಹತ್ತರಿಂದ ನಾಲ್ಕು ಸಲ ಗುಣಿಸಿದ್ದು, ಅಂದರೆ 12000.)

ಇಷ್ಟೂ ಆಗಿರುವುದು ನೀವು ಒಂದು ಕೀಲಿಯನ್ನೂ ಒತ್ತುವ ಮೊದಲು.

ಒಂದು ಸಂಸ್ಥೆಯ ಸದಸ್ಯರ ಪಟ್ಟಿಯನ್ನು ಸರಿಪಡಿಸಿಕೊಡಲು ನಾನೊಮ್ಮೆ ಒಪ್ಪಿಕೊಂಡಿದ್ದೆ. ಪ್ರತಿಯೊಬ್ಬರಿಗೂ 16 ಅಂಕಿಯ ಸದಸ್ಯ ಸಂಖ್ಯೆ. ಅರ್ಧ ದಿನ ಕೆಲಸ ಮಾಡಿದ ಮೇಲೆ ಗಮನಕ್ಕೆ ಬಂತು, ಪಟ್ಟಿಯ ಎಲ್ಲ ಸಂಖ್ಯೆಗಳೂ ಸೊನ್ನೆಯಲ್ಲೇ ಮುಗಿಯುತ್ತಿವೆ. ನನ್ನ ಕೈಗೆ ಬರುವ ಮೊದಲೇ ಯಾರೋ ಅದನ್ನು ಎಕ್ಸೆಲ್‌ನಲ್ಲಿ ತೆರೆದು, ಹಾಗೇ ಸೇವ್ ಮಾಡಿ ಕಳಿಸಿದ್ದರು. ಮೂಲ ಫೈಲ್ ಯಾರ ಹತ್ತಿರವೂ ಉಳಿದಿರಲಿಲ್ಲ. ಕೊನೆಯ ಅಂಕಿಗಳನ್ನು ಕಾಗದದ ಅರ್ಜಿಗಳಿಂದ ಒಂದೊಂದಾಗಿ ನೋಡಿ ತುಂಬಬೇಕಾಯಿತು. ಆ ವಾರವಿಡೀ ಪಟ್ಟ ಪಾಡು ಇನ್ನೊಬ್ಬರಿಗೆ ಬರಬಾರದು ಎಂದೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಹೀಗೇಕೆ ಆಗುತ್ತದೆ

ಸಿಎಸ್‌ವಿ ಫೈಲಿನಲ್ಲಿ ಇರುವುದು ಬರೀ ಅಕ್ಷರಗಳು ಮತ್ತು ಅವುಗಳ ನಡುವೆ ಕಾಮಾ. ಈ ಕಾಲಮ್ ಪಠ್ಯ, ಆ ಕಾಲಮ್ ಸಂಖ್ಯೆ ಎಂದು ಹೇಳುವ ಜಾಗವೇ ಅದರಲ್ಲಿಲ್ಲ. ಹಾಗಾಗಿ ತೆರೆಯುವ ತಂತ್ರಾಂಶ ಪ್ರತಿ ಸೆಲ್ಲನ್ನೂ ನೋಡಿ ತಾನೇ ಊಹಿಸುತ್ತದೆ. ಅಂಕಿಯಂತೆ ಕಂಡರೆ ಸಂಖ್ಯೆ, ತಾರೀಖಿನಂತೆ ಕಂಡರೆ ತಾರೀಖು. ಕೋಡನ್ನು ಉದ್ಧರಣ ಚಿಹ್ನೆಯೊಳಗೆ, ಅಂದರೆ "004517" ಎಂದು ಹಾಕಿಕೊಟ್ಟರೆ ಉಳಿಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಎಕ್ಸೆಲ್‌ನಲ್ಲಿ ಅದು ನಡೆಯುವುದಿಲ್ಲ. ಸಿಎಸ್‌ವಿಯಲ್ಲಿ ಆ ಚಿಹ್ನೆಗಿರುವ ಕೆಲಸ ಒಳಗಿನ ಕಾಮಾವನ್ನು ಕಾಯುವುದು ಅಷ್ಟೇ. ಓದಿದ ಕೂಡಲೇ ಎಕ್ಸೆಲ್ ಅದನ್ನು ಕಳಚಿ ಎಸೆದು, ಒಳಗಿರುವುದನ್ನು ಮತ್ತೆ ಊಹೆಗೆ ಒಡ್ಡುತ್ತದೆ.

ಇನ್ನು 16 ಅಂಕಿಯ ಮಾತು. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ನಿಖರವಾಗಿ ಇಟ್ಟುಕೊಳ್ಳುತ್ತದೆ. ಹದಿನಾರನೆಯದು ಮತ್ತು ಅದರಾಚೆಯವು ಸೊನ್ನೆಯಾಗುತ್ತವೆ. ಮೇಲಿನ 1234567890123456 ಒಳಗೊಳಗೇ 1234567890123450 ಆಗಿಬಿಟ್ಟಿರುತ್ತದೆ. 12 ರಿಂದ 15 ಅಂಕಿಯವು ಮಾತ್ರ ಬೇರೆ. ಅವು ‘ಇ+11’ ಎಂಬ ವೇಷದಲ್ಲಿ ಕಂಡರೂ ಒಳಗೆ ಪೂರ್ತಿ ಇರುತ್ತವೆ; ಸೆಲ್ಲಿನ ಫಾರ್ಮ್ಯಾಟನ್ನು ದಶಮಾಂಶವಿಲ್ಲದ ನಂಬರ್‌ಗೆ ಬದಲಿಸಿದರೆ ಹೊರಗೆ ಬರುತ್ತವೆ.

ಜೀವವಿಜ್ಞಾನಿಗಳು ಇದರಿಂದ ವರ್ಷಗಟ್ಟಲೆ ನರಳಿದ್ದಾರೆ. ಮಾರ್ಚ್1, ಸೆಪ್ಟ್2 ಎಂಬಂಥ ಹೆಸರಿನ ಜೀನುಗಳು ಶೀಟಿನಲ್ಲಿ ಮಾರ್ಚ್ ಒಂದು, ಸೆಪ್ಟೆಂಬರ್ ಎರಡು ಎಂಬ ತಾರೀಖುಗಳಾಗುತ್ತಿದ್ದವು. ಮಾರ್ಕ್ ಜೀಮನ್ ಮತ್ತು ಸಂಗಡಿಗರು 2016ರಲ್ಲಿ ‘ಜೀನೋಮ್ ಬಯಾಲಜಿ’ ಪತ್ರಿಕೆಯಲ್ಲಿ ತೋರಿಸಿದಂತೆ, ಎಕ್ಸೆಲ್‌ನಲ್ಲಿ ಜೀನುಗಳ ಪಟ್ಟಿ ಲಗತ್ತಿಸಿದ ಸಂಶೋಧನಾ ಪ್ರಬಂಧಗಳ ಪೈಕಿ ಸುಮಾರು ಐದರಲ್ಲಿ ಒಂದರಲ್ಲಿ ಈ ತಪ್ಪಿತ್ತು. ಕೊನೆಗೆ 2020ರಲ್ಲಿ ಜೀನುಗಳಿಗೆ ಹೆಸರಿಡುವ ಸಮಿತಿಯೇ ಸೋತು, ಅಂಥ ಜೀನುಗಳ ಹೆಸರು ಬದಲಿಸಿದ್ದನ್ನು ಪ್ರಕಟಿಸಿತು. ಮಾರ್ಚ್1 ಈಗ ಮಾರ್ಚ್‌ಎಫ್1, ಸೆಪ್ಟ್1 ಈಗ ಸೆಪ್ಟಿನ್1. ಕಲಿತ ಸಂಶೋಧಕರಿಗೇ ಹೀಗಾಗಿರುವಾಗ ನಮ್ಮ ನಿಮ್ಮ ಕಣ್ಣು ತಪ್ಪುವುದರಲ್ಲಿ ಆಶ್ಚರ್ಯವಿಲ್ಲ.

ಮೊದಲು: ಯಾವುದು ಕೋಡ್, ಯಾವುದು ಸಂಖ್ಯೆ

ಫೈಲ್ ತರುವ ಮುಂಚೆ ಪ್ರತಿ ಕಾಲಮ್ಮಿನ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ನಾನು ಎಂದಾದರೂ ಕೂಡಿಸುತ್ತೇನೆಯೇ, ಸರಾಸರಿ ತೆಗೆಯುತ್ತೇನೆಯೇ? ಇಲ್ಲ ಎಂದಾದರೆ ಅದು ಅಂಕಿಯ ಅಂಗಿ ತೊಟ್ಟ ಹೆಸರು. ಫೋನ್ ನಂಬರ್, ಖಾತೆ ಸಂಖ್ಯೆ, ಅಂಚೆ ಕೋಡ್, ಬಾರ್‌ಕೋಡ್, ಸರಕಿನ ಕೋಡ್, ರಸೀದಿ ಸಂಖ್ಯೆ, ಆವೃತ್ತಿ ಸಂಖ್ಯೆ, ಎಲ್ಲವೂ ಪಠ್ಯವಾಗಿಯೇ ಒಳಗೆ ಬರಬೇಕು. ಮೊತ್ತ, ಪ್ರಮಾಣ, ಅಳತೆ ಸಂಖ್ಯೆಯಾಗಿ ಬರಲಿ.

ಗೊಂದಲವಾದರೆ ಪಠ್ಯವೆಂದೇ ತನ್ನಿ. ಪಠ್ಯವನ್ನು ಆಮೇಲೆ ಸಂಖ್ಯೆ ಮಾಡಿಕೊಳ್ಳಬಹುದು. ಸಂಖ್ಯೆಯಾಗಿ ಹೋದ ಕೋಡ್ ಹಿಂದಿರುಗುವುದು ಅದೃಷ್ಟವಿದ್ದರೆ ಮಾತ್ರ.

ಎಕ್ಸೆಲ್‌ನಲ್ಲಿ ಸರಿಯಾದ ದಾರಿ

ಸಿಎಸ್‌ವಿಯನ್ನು ಡಬಲ್ ಕ್ಲಿಕ್ ಮಾಡುವ ಅಭ್ಯಾಸ ಬಿಡಿ. ಎಲ್ಲ ತೊಂದರೆಯ ಬೇರು ಅಲ್ಲಿದೆ. ಬದಲಿಗೆ:

1. ಎಕ್ಸೆಲ್‌ನಲ್ಲಿ ಖಾಲಿ ವರ್ಕ್‌ಬುಕ್ ತೆರೆಯಿರಿ.

2. ಡೇಟಾ ಟ್ಯಾಬಿಗೆ ಹೋಗಿ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಒತ್ತಿ, ಫೈಲ್ ಆರಿಸಿ. ಒಂದು ಮುನ್ನೋಟದ ಕಿಟಕಿ ಬರುತ್ತದೆ. ಕನ್ನಡ ಅಕ್ಷರಗಳು ವಿಚಿತ್ರ ಚಿಹ್ನೆಗಳಾಗಿ ಕಂಡರೆ ಮೇಲೆ ‘ಫೈಲ್ ಒರಿಜಿನ್’ನಲ್ಲಿ 65001 ಯೂನಿಕೋಡ್ ಯುಟಿಎಫ್-8 ಆರಿಸಿ, ಅಲ್ಲಿಗೆ ಆ ತಾಪತ್ರಯವೂ ಮುಗಿಯಿತು.

3. ಅದೇ ಕಿಟಕಿಯ ಮೇಲ್ಭಾಗದಲ್ಲಿ ‘ಡೇಟಾ ಟೈಪ್ ಡಿಟೆಕ್ಷನ್’ ಇದೆ. ಸಾಮಾನ್ಯವಾಗಿ ಅದು ಮೊದಲ 200 ಸಾಲು ನೋಡಿ ನಿರ್ಧರಿಸುವ ಆಯ್ಕೆಯಲ್ಲಿರುತ್ತದೆ. ಅದನ್ನು ‘ಡು ನಾಟ್ ಡಿಟೆಕ್ಟ್ ಡೇಟಾ ಟೈಪ್ಸ್’ ಎಂದು ಬದಲಿಸಿ. ಕಣ್ಣೆದುರೇ ಸೊನ್ನೆಗಳು ಮರಳಿ ಬರುವುದು ಕಾಣುತ್ತದೆ.

ಆ 200 ಸಾಲಿನ ಊಹೆಯ ಬಗ್ಗೆ ಒಂದು ಮಾತು. ಮೊದಲ 200 ಸಾಲುಗಳಲ್ಲಿ ಬರೀ ಅಂಕಿಗಳಿದ್ದು, 500ನೆಯ ಸಾಲಿನಲ್ಲಿ 45ಬಿ ಎಂಬಂಥ ಕೋಡ್ ಇದ್ದರೆ ಇಡೀ ಕಾಲಮ್ ಸಂಖ್ಯೆ ಎಂದು ತೀರ್ಮಾನವಾಗಿ, ಆ ಸಾಲಿನ ಕೋಡ್ ಎರರ್ ಆಗಿ ಉದುರುತ್ತದೆ. ಸಣ್ಣ ಮಾದರಿ ಫೈಲಿನಲ್ಲಿ ಎಲ್ಲ ಸರಿ ಕಂಡು, ದೊಡ್ಡ ಫೈಲಿನಲ್ಲಿ ಕೈಕೊಡುವುದು ಹೀಗೆ.

4. ಎಲ್ಲ ಕಾಲಮ್ಮೂ ಪಠ್ಯವಾಗಿ ಬಂದರೆ ಸಾಕು ಎನ್ನುವವರು ‘ಲೋಡ್’ ಒತ್ತಬಹುದು. ಮೊತ್ತದ ಕಾಲಮ್ ಸಂಖ್ಯೆಯಾಗಬೇಕು ಎನ್ನುವವರು ‘ಟ್ರಾನ್ಸ್‌ಫಾರ್ಮ್ ಡೇಟಾ’ ಒತ್ತಿ ಪವರ್ ಕ್ವೆರಿ (ಒಳಗೆ ಬರುವ ಡೇಟಾವನ್ನು ಹಂತ ಹಂತವಾಗಿ ಸರಿಪಡಿಸುವ ಎಕ್ಸೆಲ್‌ನ ಸಾಧನ) ಕಿಟಕಿಗೆ ಹೋಗಬೇಕು.

ಈ ಕಿಟಕಿಯಲ್ಲಿ ಎರಡು ಕಡೆ ಎಡವುತ್ತಾರೆ, ನಾನೂ ಎಡವಿದ್ದೇನೆ. ಟೈಪ್ ಪತ್ತೆ ಬೇಡ ಎಂದಾಗ ಬಹಳ ಸಲ ತಲೆಬರಹದ ಸಾಲು ಕೂಡ ಮಾಮೂಲಿ ಸಾಲಾಗಿ ಕೆಳಗಿಳಿದು, ಕಾಲಮ್‌ಗಳಿಗೆ ಕಾಲಮ್1, ಕಾಲಮ್2 ಎಂದು ಹೆಸರು ಬಂದಿರುತ್ತದೆ. ಸರಿಪಡಿಸಲು ‘ಯೂಸ್ ಫಸ್ಟ್ ರೋ ಆ್ಯಸ್ ಹೆಡರ್ಸ್’ ಒತ್ತುತ್ತೀರಿ. ತಲೆಬರಹವೇನೋ ಮೇಲೇರುತ್ತದೆ, ಆದರೆ ಅದರ ಬೆನ್ನಿಗೇ ‘ಚೇಂಜ್ಡ್ ಟೈಪ್’ ಎಂಬ ಹೊಸ ಹಂತವನ್ನು ಪವರ್ ಕ್ವೆರಿ ತಾನಾಗಿ ಸೇರಿಸಿಬಿಡುತ್ತದೆ, ಸೊನ್ನೆಗಳು ಮತ್ತೆ ಹೋಗುತ್ತವೆ. ಬಲಗಡೆ ‘ಅಪ್ಲೈಡ್ ಸ್ಟೆಪ್ಸ್’ ಪಟ್ಟಿಯಲ್ಲಿ ಆ ಹೆಸರನ್ನು ಹುಡುಕಿ, ಪಕ್ಕದ ಗುಣಾಕಾರ ಚಿಹ್ನೆ ಒತ್ತಿ ಅಳಿಸಿ.

ಎರಡನೆಯದು ಇನ್ನೂ ನಾಜೂಕು. ‘ಚೇಂಜ್ಡ್ ಟೈಪ್’ ಹಂತ ಇರುವಾಗಲೇ ನೀವು ಕೋಡ್ ಕಾಲಮ್ ಆರಿಸಿ ಟೈಪನ್ನು ಟೆಕ್ಸ್ಟ್ ಎಂದು ಬದಲಿಸಿದರೆ ಒಂದು ಪ್ರಶ್ನೆ ಬರುತ್ತದೆ: ‘ರಿಪ್ಲೇಸ್ ಕರೆಂಟ್’ ಅಥವಾ ‘ಆ್ಯಡ್ ನ್ಯೂ ಸ್ಟೆಪ್’. ಇಲ್ಲಿ ‘ರಿಪ್ಲೇಸ್ ಕರೆಂಟ್’ ಒತ್ತಬೇಕು. ಹೊಸ ಹಂತ ಸೇರಿಸಿದರೆ ಏನಾಗುತ್ತದೆ ನೋಡಿ: ಮೊದಲ ಹಂತದಲ್ಲಿ 004517 ಎನ್ನುವುದು 4517 ಆಗುತ್ತದೆ, ಎರಡನೆಯ ಹಂತದಲ್ಲಿ ಆ 4517 ಪಠ್ಯವಾಗುತ್ತದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಕಾಲಮ್ ಪಠ್ಯ ಎಂದು ತೋರಿಸುತ್ತದೆ, ನೀವೂ ನಿಶ್ಚಿಂತರಾಗುತ್ತೀರಿ, ಸೊನ್ನೆ ಮಾತ್ರ ಇರುವುದಿಲ್ಲ.

5. ಸಂಖ್ಯೆಯಾಗಬೇಕಾದ ಕಾಲಮ್‌ಗಳನ್ನು ಮಾತ್ರ ಆರಿಸಿ ಟೈಪ್ ಬದಲಿಸಿ, ‘ಕ್ಲೋಸ್ ಆ್ಯಂಡ್ ಲೋಡ್’ ಒತ್ತಿ.

ಇದರ ಒಂದು ದೊಡ್ಡ ಲಾಭ ಜನರಿಗೆ ಬೇಗ ಹೊಳೆಯುವುದಿಲ್ಲ. ಪ್ರತಿ ತಿಂಗಳೂ ಅದೇ ಹೆಸರಿನ, ಅದೇ ರೂಪದ ಫೈಲ್ ಬರುತ್ತಿದ್ದರೆ ಹಳೆಯದರ ಜಾಗದಲ್ಲಿ ಹೊಸದನ್ನಿಟ್ಟು ‘ರಿಫ್ರೆಶ್’ ಒತ್ತಿದರೆ ಆಯಿತು. ಒಮ್ಮೆ ಹೇಳಿದ ಟೈಪುಗಳೇ ಪ್ರತಿ ಸಲವೂ ಅನ್ವಯವಾಗುತ್ತವೆ.

ಹಳೆಯ ವಿಝಾರ್ಡ್

ಪವರ್ ಕ್ವೆರಿ ಭಾರವೆನಿಸಿದರೆ ಹಳೆಯ ಟೆಕ್ಸ್ಟ್ ಇಂಪೋರ್ಟ್ ವಿಝಾರ್ಡ್ ಇನ್ನೂ ಸಿಗುತ್ತದೆ. ಸರಳ ಕೆಲಸಕ್ಕೆ ನನಗೆ ಇಂದಿಗೂ ಅದೇ ಇಷ್ಟ. ಫೈಲ್, ಆಪ್ಷನ್ಸ್, ಡೇಟಾ ವಿಭಾಗದಲ್ಲಿ ಹಳೆಯ ಇಂಪೋರ್ಟ್ ವಿಝಾರ್ಡ್‌ಗಳ ಪಟ್ಟಿಯಲ್ಲಿ ‘ಫ್ರಮ್ ಟೆಕ್ಸ್ಟ್ (ಲೆಗಸಿ)’ಗೆ ಟಿಕ್ ಹಾಕಿ. ಆಮೇಲೆ ಡೇಟಾ ಟ್ಯಾಬಿನ ‘ಗೆಟ್ ಡೇಟಾ’ ಅಡಿಯಲ್ಲಿ ಅದು ಕಾಣಿಸುತ್ತದೆ. ಒಟ್ಟು ಮೂರು ಹಂತ: ಡಿಲಿಮಿಟೆಡ್ (ಚಿಹ್ನೆಯಿಂದ ಬೇರ್ಪಟ್ಟದ್ದು) ಎಂದು ಹೇಳುವುದು, ಕಾಮಾ ಆರಿಸುವುದು, ಕೊನೆಗೆ ಪ್ರತಿ ಕಾಲಮ್ಮಿಗೆ ಟೈಪ್ ಕೊಡುವುದು. ಮೂರನೆಯ ಹಂತದಲ್ಲಿ ಮೊದಲ ಕಾಲಮ್ ಒತ್ತಿ, ಶಿಫ್ಟ್ ಹಿಡಿದು ಕೊನೆಯ ಕಾಲಮ್ ಒತ್ತಿ, ಎಲ್ಲಕ್ಕೂ ಒಟ್ಟಿಗೆ ‘ಟೆಕ್ಸ್ಟ್’ ಆರಿಸಿ. ಅವಸರದಲ್ಲಿ ಎರಡನೆಯ ಹಂತದಲ್ಲೇ ‘ಫಿನಿಶ್’ ಒತ್ತಿದರೆ ಮಾಡಿದ್ದೆಲ್ಲ ವ್ಯರ್ಥ.

2023ರಿಂದ ಬಂದಿರುವ ಸ್ವಿಚ್

ಮೈಕ್ರೋಸಾಫ್ಟ್ 365 ಬಳಸುವವರಿಗೆ 2023ರ ಕೊನೆಯ ಹೊತ್ತಿಗೆ ಒಂದು ಸೌಲಭ್ಯ ಬಂತು. ಫೈಲ್, ಆಪ್ಷನ್ಸ್, ಡೇಟಾ ವಿಭಾಗದಲ್ಲಿ ‘ಆಟೊಮ್ಯಾಟಿಕ್ ಡೇಟಾ ಕನ್ವರ್ಷನ್’ ಎಂಬ ಗುಂಪಿದೆ. ಮುಂದಿನ ಸೊನ್ನೆ ತೆಗೆಯುವುದು, ಉದ್ದ ಸಂಖ್ಯೆಯ 15 ಅಂಕಿ ಮಾತ್ರ ಉಳಿಸುವುದು, ‘ಇ’ ಅಕ್ಷರದ ಎರಡೂ ಬದಿಯ ಅಂಕಿಗಳನ್ನು ವೈಜ್ಞಾನಿಕ ಸಂಖ್ಯೆ ಮಾಡುವುದು, ಅಕ್ಷರ-ಅಂಕಿ ಜೋಡಿಯನ್ನು ತಾರೀಖು ಮಾಡುವುದು: ನಾಲ್ಕನ್ನೂ ಇಲ್ಲಿ ಬೇರೆ ಬೇರೆಯಾಗಿ ನಿಲ್ಲಿಸಬಹುದು. ಸಿಎಸ್‌ವಿ ತೆರೆಯುವಾಗ ಪರಿವರ್ತನೆ ಆಗುವುದಿದ್ದರೆ ಮೊದಲೇ ಕೇಳು ಎನ್ನುವ ಆಯ್ಕೆಯೂ ಇದೆ. ಆ ಪ್ರಶ್ನೆ ಬಂದಾಗ ‘ಡೋಂಟ್ ಕನ್ವರ್ಟ್’ ಒತ್ತಿ.

ಈಗಲೇ ಹೋಗಿ ನಾಲ್ಕರ ಟಿಕ್ಕನ್ನೂ ತೆಗೆದುಬಿಡಿ ಎನ್ನುವುದು ನನ್ನ ಸಲಹೆ. ಆದರೆ ಇದನ್ನೇ ನಂಬಿ ಕೂರಬೇಡಿ. ಮಾರ್ಚ್1 ಎಂದು ಒತ್ತಾಗಿ ಬರೆದದ್ದು ಉಳಿಯುತ್ತದೆ, ಆದರೆ ನಡುವೆ ಜಾಗ ಅಥವಾ ಅಡ್ಡಗೆರೆ ಇದ್ದರೆ ಈಗಲೂ ತಾರೀಖಾಗಬಹುದು. ಮ್ಯಾಕ್ರೊ (ಎಕ್ಸೆಲ್ ಕೆಲಸಗಳನ್ನು ತಾನಾಗಿ ಮಾಡಿಸುವ ಪುಟ್ಟ ಪ್ರೋಗ್ರಾಂ) ಓಡುವಾಗ ಈ ಸ್ವಿಚ್‌ಗೆ ಬೆಲೆಯಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಈ ಸೆಟ್ಟಿಂಗ್ ಇರುವುದು ನಿಮ್ಮ ಕಂಪ್ಯೂಟರಿನಲ್ಲಿ. ಫೈಲ್ ಮುಂದೆ ಯಾರ ಕೈಗೆ ಹೋಗುತ್ತದೋ ಅವರಲ್ಲಿ ಇರಲಿಕ್ಕಿಲ್ಲ.

ಕಾಪಿ ಮಾಡಿ ಪೇಸ್ಟ್ ಮಾಡುವಾಗ

ಪೇಸ್ಟ್ ಮಾಡುವ *ಮೊದಲು* ಕಾಲಮ್ ಆರಿಸಿ, ಕಂಟ್ರೋಲ್ ಮತ್ತು 1 ಒತ್ತಿ, ನಂಬರ್ ಟ್ಯಾಬಿನಲ್ಲಿ ‘ಟೆಕ್ಸ್ಟ್’ ಕೊಡಿ. ಆಮೇಲೆ ಪೇಸ್ಟ್ ಆಯ್ಕೆಗಳಲ್ಲಿ ‘ಮ್ಯಾಚ್ ಡೆಸ್ಟಿನೇಷನ್ ಫಾರ್ಮ್ಯಾಟಿಂಗ್’ ಆರಿಸಿ. ವೆಬ್ ಪುಟದಿಂದ ನೇರ ಪೇಸ್ಟ್ ಮಾಡಿದರೆ ಅದು ತನ್ನದೇ ಫಾರ್ಮ್ಯಾಟ್ ಹೊತ್ತು ಬಂದು ನಿಮ್ಮ ‘ಟೆಕ್ಸ್ಟ್’ ಅನ್ನು ಅಳಿಸಿಹಾಕಬಹುದು. ಒಂದೆರಡು ಕೋಡ್ ಕೈಯಿಂದ ಟೈಪ್ ಮಾಡುವುದಿದ್ದರೆ ಮುಂದೆ ಒಂದು ಅಪಾಸ್ಟ್ರಫಿ ಹಾಕಿ, '004517 ಎಂಬಂತೆ. ಅದು ಸೆಲ್ಲಿನಲ್ಲಿ ಕಾಣುವುದಿಲ್ಲ, ಕೋಡ್ ಉಳಿಯುತ್ತದೆ.

ಪಠ್ಯವಾಗಿ ಕೂತ ಕೋಡ್‌ಗಳ ಮೂಲೆಯಲ್ಲಿ ಹಸಿರು ತ್ರಿಕೋನ ಬರುತ್ತದೆ. ಅದನ್ನು ಒತ್ತಿದರೆ ‘ಕನ್ವರ್ಟ್ ಟು ನಂಬರ್’ ಎಂಬ ಸಲಹೆ ಮೊದಲೇ ನಿಂತಿರುತ್ತದೆ. ಅದನ್ನು ಮುಟ್ಟಬೇಡಿ. ‘ಇಗ್ನೋರ್ ಎರರ್’ ಒತ್ತಿ.

ಲಿಬ್ರೆಆಫೀಸ್, ಗೂಗಲ್ ಶೀಟ್ಸ್

ಲಿಬ್ರೆಆಫೀಸ್ ಕ್ಯಾಲ್ಕ್ ಈ ವಿಷಯದಲ್ಲಿ ಹೆಚ್ಚು ಸಭ್ಯ. ಸಿಎಸ್‌ವಿ ತೆರೆದಾಗಲೆಲ್ಲ ‘ಟೆಕ್ಸ್ಟ್ ಇಂಪೋರ್ಟ್’ ಕಿಟಕಿ ತೋರಿಸಿ ಕೇಳುತ್ತದೆ. ಕೆಳಗಿನ ಮುನ್ನೋಟದಲ್ಲಿ ಕಾಲಮ್ಮಿನ ತಲೆಯ ಮೇಲೆ ‘ಸ್ಟ್ಯಾಂಡರ್ಡ್’ ಎಂದಿರುವುದನ್ನು ಒತ್ತಿ, ‘ಕಾಲಮ್ ಟೈಪ್’ನಲ್ಲಿ ‘ಟೆಕ್ಸ್ಟ್’ ಆರಿಸಿ. ಉದ್ಧರಣ ಚಿಹ್ನೆಯೊಳಗಿನದನ್ನು ಪಠ್ಯವೆಂದೇ ತೆಗೆದುಕೋ ಎನ್ನುವ ಟಿಕ್ ಕೂಡ ಅಲ್ಲೇ ಇದೆ. ಎಕ್ಸೆಲ್‌ನಲ್ಲಿ ಕೆಲಸಕ್ಕೆ ಬಾರದ ಆ ಉಪಾಯ ಇಲ್ಲಿ ಕೆಲಸಕ್ಕೆ ಬರುತ್ತದೆ.

ಗೂಗಲ್ ಶೀಟ್ಸ್‌ನಲ್ಲಿ ಫೈಲ್, ಇಂಪೋರ್ಟ್, ಅಪ್‌ಲೋಡ್ ಎಂದು ಹೋದರೆ ‘ಕನ್ವರ್ಟ್ ಟೆಕ್ಸ್ಟ್ ಟು ನಂಬರ್ಸ್, ಡೇಟ್ಸ್, ಆ್ಯಂಡ್ ಫಾರ್ಮುಲಾಸ್’ ಎಂಬ ಟಿಕ್ ಮೊದಲೇ ಹಾಕಿರುತ್ತದೆ. ಅದನ್ನು ತೆಗೆದು ಇಂಪೋರ್ಟ್ ಮಾಡಿ. ಪೇಸ್ಟ್ ಮಾಡುವುದಿದ್ದರೆ ಮೊದಲು ಫಾರ್ಮ್ಯಾಟ್, ನಂಬರ್, ‘ಪ್ಲೇನ್ ಟೆಕ್ಸ್ಟ್’ ಕೊಟ್ಟು, ಆಮೇಲೆ ಕಂಟ್ರೋಲ್, ಶಿಫ್ಟ್, ವಿ ಒತ್ತಿ.

ಸೇವ್ ಮಾಡುವಾಗ

ಸರಿಯಾಗಿ ತಂದ ಶೀಟನ್ನು ಎಕ್ಸೆಲ್‌ನ ಸ್ವಂತ ರೂಪವಾದ ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲೇ ಸೇವ್ ಮಾಡಿ. ಸಿಎಸ್‌ವಿಯಾಗಿ ಸೇವ್ ಮಾಡಿದರೆ ಕೋಡ್‌ಗಳು ಫೈಲಿನಲ್ಲಿ ಸರಿಯಾಗಿಯೇ ಇರುತ್ತವೆ, ಆದರೆ ‘ಟೆಕ್ಸ್ಟ್’ ಎಂಬ ನಿಮ್ಮ ಸೂಚನೆ ಉಳಿಯುವುದಿಲ್ಲ. ಯಾರಾದರೂ ಡಬಲ್ ಕ್ಲಿಕ್ ಮಾಡಿದರೆ ಕಥೆ ಮೊದಲಿನಿಂದ ಶುರು. ಇನ್ನೊಂದು ಅಪಾಯ: ಎಕ್ಸೆಲ್ ಸಿಎಸ್‌ವಿಗೆ ಬರೆಯುವುದು ಸೆಲ್ಲಿನಲ್ಲಿ *ಕಾಣುವುದನ್ನು*. ಒಳಗೆ 13 ಅಂಕಿಯ ಬಾರ್‌ಕೋಡ್ ಪೂರ್ತಿ ಇದ್ದರೂ ಪರದೆಯ ಮೇಲೆ ಇ+12 ಎಂದು ಕಾಣುತ್ತಿದ್ದರೆ ಫೈಲಿಗೆ ಹೋಗುವುದು ಆ ಮೊಟಕು ರೂಪವೇ. ಆ ಘಳಿಗೆಯವರೆಗೂ ಉಳಿಸಿಕೊಳ್ಳಬಹುದಾಗಿದ್ದ ಬಾರ್‌ಕೋಡ್ ಅಲ್ಲಿಗೆ ಹೋಯಿತು.

ಬಂದ ಮೂಲ ಫೈಲನ್ನು ಎಂದೂ ಎಕ್ಸೆಲ್‌ನಲ್ಲಿ ತೆರೆದು ಅದರ ಮೇಲೇ ಸೇವ್ ಮಾಡಬೇಡಿ. ಒಂದು ಪ್ರತಿ ಪಕ್ಕಕ್ಕಿಟ್ಟು, ಫೈಲಿನ ಪ್ರಾಪರ್ಟೀಸ್‌ನಲ್ಲಿ ಅದನ್ನು ‘ರೀಡ್ ಓನ್ಲಿ’ ಮಾಡಿಡಿ. ಆ ಸದಸ್ಯರ ಪಟ್ಟಿಯ ವಿಷಯದಲ್ಲಿ ಇಷ್ಟು ಮಾಡಿದ್ದರೆ ಸಾಕಿತ್ತು.

ಆಗಲೇ ಕೆಟ್ಟಿದ್ದರೆ

ಮುಂದಿನ ಸೊನ್ನೆ ಮಾತ್ರ ಹೋಗಿದ್ದು, ಎಲ್ಲ ಕೋಡ್‌ಗಳ ಉದ್ದ ಒಂದೇ ಆಗಿದ್ದರೆ ಉಳಿಸಿಕೊಳ್ಳಬಹುದು. ಪಕ್ಕದ ಕಾಲಮ್ಮಿನಲ್ಲಿ ‘ಟೆಕ್ಸ್ಟ್’ ಎಂಬ ಫಂಕ್ಷನ್ ಹಾಕಿ, ಮೊದಲು ಸೆಲ್ಲಿನ ವಿಳಾಸ, ಆಮೇಲೆ ಕೋಡಿನ ಉದ್ದದಷ್ಟು ಸೊನ್ನೆ, "000000" ಎಂದು ಉದ್ಧರಣದೊಳಗೆ ಕೊಡಿ. ಬಂದ ಫಲಿತಾಂಶವನ್ನು ಕಾಪಿ ಮಾಡಿ ‘ವ್ಯಾಲ್ಯೂಸ್’ ಆಗಿ ಪೇಸ್ಟ್ ಮಾಡಿ. ಕಸ್ಟಮ್ ಫಾರ್ಮ್ಯಾಟಿನಲ್ಲಿ 000000 ಕೊಟ್ಟರೂ ಸೊನ್ನೆ ಕಾಣುತ್ತದೆ, ಆದರೆ ಅದು ಬರೀ ತೋರಿಕೆ. ಒಳಗಿರುವುದು 4517 ಎಂಬ ಸಂಖ್ಯೆಯೇ, ಹಾಗಾಗಿ ಇನ್ನೊಂದು ಪಟ್ಟಿಯ ಪಠ್ಯ ಕೋಡ್ ಜೊತೆ ವಿ-ಲುಕಪ್ (ಒಂದು ಪಟ್ಟಿಯ ಮೌಲ್ಯವನ್ನು ಇನ್ನೊಂದರಲ್ಲಿ ಹುಡುಕುವ ಫಂಕ್ಷನ್) ಮಾಡಿದರೆ ಹೊಂದುವುದಿಲ್ಲ.

ಕೋಡ್‌ಗಳ ಉದ್ದ ಬೇರೆ ಬೇರೆ ಇದ್ದರೆ ಎಷ್ಟು ಸೊನ್ನೆ ಇತ್ತು ಎಂದು ಯಾವ ಫಂಕ್ಷನ್ನೂ ಹೇಳಲಾರದು. ತಾರೀಖಾದವುಗಳ ಗತಿಯೂ ಅದೇ. 3-4, 3/4, 03-04 ಮೂರೂ ಒಂದೇ ತಾರೀಖಾಗುತ್ತವೆ. ಆಮೇಲೆ ಅದನ್ನು ಟೆಕ್ಸ್ಟ್ ಮಾಡಿದರೆ ಬರುವುದು ಎಕ್ಸೆಲ್‌ನ ಒಳಗಿನ ದಿನ ಲೆಕ್ಕ. 2023ರ ಮಾರ್ಚ್ 1 ಇದ್ದಲ್ಲಿ 44986. ಪಟ್ಟಿಯಲ್ಲಿ ಸಂಬಂಧವಿಲ್ಲದ ಐದಂಕಿಯ ಸಂಖ್ಯೆಗಳು ಅಲ್ಲಲ್ಲಿ ಕಂಡರೆ ಅಲ್ಲಿ ಒಂದು ಕೋಡ್ ತಾರೀಖಾಗಿ ಹೋಗಿತ್ತೋ ಎಂದು ಅನುಮಾನಿಸಿ. ಇಂಥವಕ್ಕೂ, 15 ಅಂಕಿ ದಾಟಿದವಕ್ಕೂ ಮೂಲ ಫೈಲಿಗೇ ಹಿಂದಿರುಗಬೇಕು.

ಸರಿಯಾಗಿ ಬಂದಿದೆಯೇ ಎಂದು ನೋಡುವುದು

ಪಠ್ಯ ಸೆಲ್ಲಿನ ಎಡಕ್ಕೂ ಸಂಖ್ಯೆ ಬಲಕ್ಕೂ ಅಂಟಿಕೊಳ್ಳುತ್ತದೆ; ಯಾರೂ ಅಲೈನ್‌ಮೆಂಟ್ ಬದಲಿಸಿಲ್ಲದಿದ್ದರೆ ಒಂದು ನೋಟ ಸಾಕು. ಖಚಿತವಾಗಬೇಕಾದರೆ ‘ಲೆನ್’ ಫಂಕ್ಷನ್ನಿನಿಂದ ಪ್ರತಿ ಕೋಡಿನ ಉದ್ದ ತೆಗೆದು ಫಿಲ್ಟರ್ ಹಾಕಿ. ಆರಂಕಿಯ ಕೋಡ್‌ಗಳ ನಡುವೆ 4, 5 ಎಂಬ ಉದ್ದ ಕಂಡರೆ ಅಲ್ಲೇ ತಪ್ಪಾಗಿದೆ.

ಎಲ್ಲ ಸರಿಯಾಗಿ ಪಠ್ಯವಾಗಿ ಬಂದ ಮೇಲೂ ಒಂದು ಬಲೆ ಉಳಿಯುತ್ತದೆ. 16 ಅಂಕಿಯ ಎರಡು ಕೋಡ್‌ಗಳ ಮೊದಲ 15 ಅಂಕಿ ಒಂದೇ ಆಗಿದ್ದು ಕೊನೆಯದು ಮಾತ್ರ ಬೇರೆಯಾಗಿದ್ದರೆ, ಒಂದು ಮೌಲ್ಯ ಎಷ್ಟು ಸಲ ಬಂದಿದೆ ಎಂದು ಎಣಿಸುವ ‘ಕೌಂಟ್‌ಇಫ್’ ಫಂಕ್ಷನ್ ಅವೆರಡನ್ನೂ ಒಂದೇ ಎಂದು ಎಣಿಸುತ್ತದೆ. ಪಠ್ಯವನ್ನೂ ಅದು ಹೋಲಿಸುವಾಗ ಸಂಖ್ಯೆ ಮಾಡಿಕೊಳ್ಳುತ್ತದೆ, 15 ಅಂಕಿಯ ಮಿತಿ ಅಲ್ಲೂ ಅಡ್ಡ ಬರುತ್ತದೆ. ಅದನ್ನು ನಂಬಿ ‘ಡೂಪ್ಲಿಕೇಟ್’ ಎಂದು ಸಾಲುಗಳನ್ನು ಅಳಿಸಿದರೆ ನಿಜವಾದ ಸಾಲುಗಳೇ ಹೋಗುತ್ತವೆ. ಇದರ ಬದಲು ‘ಸಮ್‌ಪ್ರಾಡಕ್ಟ್’ ಫಂಕ್ಷನ್ನಿನ ಒಳಗೆ ಕಾಲಮ್ಮನ್ನು ಸೆಲ್ಲಿಗೆ ಸಮ ಎಂದು ನೇರವಾಗಿ ಹೋಲಿಸಿ, ಮುಂದೆ ಎರಡು ಮೈನಸ್ ಚಿಹ್ನೆ ಹಾಕಿ ಎಣಿಸಿ. ಸಮ ಚಿಹ್ನೆಯ ಹೋಲಿಕೆ ಪಠ್ಯವನ್ನು ಪಠ್ಯವಾಗಿಯೇ ನೋಡುತ್ತದೆ.

ಕೋಡ್‌ಗಳನ್ನು ನೀವೇ ರೂಪಿಸುವವರಾದರೆ

ಹೊಸದಾಗಿ ಕೋಡ್ ಕೊಡುವ ಅಧಿಕಾರ ನಿಮ್ಮ ಕೈಯಲ್ಲಿದ್ದರೆ ಎಲ್ಲಕ್ಕೂ ಮುಂದೆ ಒಂದು ಅಕ್ಷರ ಸೇರಿಸಿ. 004517 ಬದಲು ಕೆ004517 ಎಂಬಂತಿದ್ದರೆ ಯಾವ ತಂತ್ರಾಂಶವೂ ಅದನ್ನು ಸಂಖ್ಯೆ ಎಂದುಕೊಳ್ಳುವುದಿಲ್ಲ. ಆ ಅಕ್ಷರ ಇಂಗ್ಲಿಷ್ ತಿಂಗಳಿನ ಹೆಸರಾಗಿ ಓದಿಸಿಕೊಳ್ಳುವಂತೆ ಇರಬಾರದು, ಅಂಕಿಗಳ ನಡುವೆ ‘ಇ’ ಬರಬಾರದು, ಸಮ ಚಿಹ್ನೆ, ಪ್ಲಸ್, ಮೈನಸ್‌ಗಳಿಂದ ಶುರುವಾಗಬಾರದು. ಅವು ಮೂರನ್ನೂ ಶೀಟು ಸೂತ್ರದ ಆರಂಭ ಎಂದು ತಿಳಿಯುತ್ತದೆ. ಕೋಡ್‌ಗಳು ಆಗಲೇ ಚಲಾವಣೆಯಲ್ಲಿದ್ದು ಬದಲಿಸಲಾಗದಿದ್ದರೆ, ಫೈಲನ್ನು ಸಿಎಸ್‌ವಿ ಬದಲು ಟೆಕ್ಸ್ಟ್ ಕಾಲಮ್ ಇರುವ ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿ ಕಳಿಸಿ. ಸಿಎಸ್‌ವಿಯೇ ಬೇಕೆಂದು ಕೇಳಿದವರಿಗೆ, ಯಾವ ಕಾಲಮ್‌ಗಳನ್ನು ಟೆಕ್ಸ್ಟ್ ಎಂದು ತೆಗೆದುಕೊಳ್ಳಬೇಕು, ಒಟ್ಟು ಎಷ್ಟು ಸಾಲು, ಕೋಡಿನ ಉದ್ದ ಎಷ್ಟು ಎಂದು ಜೊತೆಯ ಮೇಲ್‌ನಲ್ಲೇ ಬರೆದು ಕಳಿಸಿ.